ಕಳಚಿಟ್ಟ ಅರ್ಧ

ಹಲ್ಲುಜ್ಜಿದ್ದೇನೋ ಇಲ್ಲವೋ ಎಂಬುದು ಆಫೀಸಿನ ಮೆಟ್ಟಿಲು ಹತ್ತುವಾಗಲೂ ಸಂಘಮಿತ್ರಾಳಿಗೆ ಖಾತ್ರಿಯಾಗಿರಲಿಲ್ಲ. ನಾಲಿಗೆಯಿಂದ ಹಲ್ಲು ಸವರಿಕೊಂಡಳು, ಏನೂ ತಿಳಿಯಲಿಲ್ಲ. ಈಚೆಗೆ ಹೀಗೇ ಆಗುತ್ತಿತ್ತು. ಬಾಡಿಗೆ ಕೋಣೆಗೆ ಬೀಗ ಹಾಕಿ ಅರ್ಧ ದಾರಿ ಬಂದವಳು, ಹಾಕಿದೆನೋ ಇಲ್ಲವೋ ಎಂದು ತಿರುಗಿ ಹೋಗಿ ನೋಡುವುದು. ಕಂಪ್ಲಿಯಿಂದ ಅವ್ವ ಫೋನು ಮಾಡಿ ಹತ್ತು ನಿಮಿಷ ಮಾತಾಡಿ ಇಟ್ಟ ಮೇಲೆ, ಅವಳು ಹೇಳಿದ್ದರಲ್ಲಿ ಒಂದು ಮಾತೂ ನೆನಪಿಗೆ ಬಾರದಿರುವುದು. ಇದು ದುಃಖವಲ್ಲ ಎಂದು ಅವಳಿಗೆ ಗೊತ್ತಿತ್ತು. ದುಃಖವಾಗಿದ್ದರೆ ಎಲ್ಲೋ ಒಂದು ಕಡೆ ನೋಯಬೇಕಿತ್ತು. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿದಾಗ ಮುಟ್ಟಿ ನೋಡಿದರೆ ಬೇರೆ ಯಾರದೋ ಕಾಲು ಮುಟ್ಟಿದಂತಾಗುತ್ತದಲ್ಲ, ಹಾಗಿತ್ತು, ಅಷ್ಟೇ. ಏಪ್ರಿಲ್ಲಿನ ಬಿಸಿಲು ಎಂಟೂವರೆಗೇ ಸ್ಟೇಷನ್ ರಸ್ತೆಯ ಮೇಲೆ ಬಿದ್ದಿತ್ತು. ಹಂಪಿಗೆ ಹೋಗುವ ಆಟೋದವರು ಬೆನ್ನಿಗೆ ಚೀಲ ಹೊತ್ತ ಪ್ರವಾಸಿಗಳ ಹಿಂದೆ ಕೂಗುತ್ತಾ ಓಡುತ್ತಿದ್ದರು. ಆರು ವರ್ಷದಿಂದ ದಿನಾ ಅದೇ ದಾರಿಯಲ್ಲಿ ನಡೆಯುವ ಅವಳನ್ನೂ ಒಬ್ಬ ಕೇಳಿದ, 'ಹಂಪಿಗೆ ಬರ್ತೀರೇನ್ರಿ?' ಅವಳು ಇಲ್ಲವೆಂದು ತಲೆಯಾಡಿಸಿದಳೋ, ಆಡಿಸಬೇಕೆಂದುಕೊಂಡು ಸುಮ್ಮನೆ ಬಂದಳೋ.

ಆಫೀಸೆಂದರೆ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಎರಡು ಕೋಣೆ. ಒಡೆಯ ಮುರುಗೇಶ್ ಅಕ್ಕಿ ಗಿರಣಿಯವರ ಮನೆಯ ಮಗ. ಗಿರಣಿಯ ಧೂಳು ತನಗಾಗದೆಂದು ಕಂಪ್ಯೂಟರ್ ರಿಪೇರಿಗಿಳಿದು, ಈಗ ಸುತ್ತಲಿನ ಗಣಿ, ಆಸ್ಪತ್ರೆ, ಕಾರ್ಖಾನೆಗಳ ಸರ್ವರುಗಳನ್ನು ಇಲ್ಲಿಂದಲೇ ನೋಡಿಕೊಳ್ಳುವ ಗುತ್ತಿಗೆ ಹಿಡಿದಿದ್ದ. ಗುತ್ತಿಗೆ ಅವನದು, ನೋಡಿಕೊಳ್ಳುವವಳು ಸಂಘಮಿತ್ರಾ. ಎಲ್ಲದಕ್ಕಿಂತ ಹಳೆಯದು ಸಂಡೂರಿನ ಗುಡ್ಡದ ಮೇಲೆ ಒಂದು ಗಣಿಯ ವೇಬ್ರಿಡ್ಜ್ ಕೋಣೆಯಲ್ಲಿದ್ದ ಯುನಿಕ್ಸ್ ಸರ್ವರ್. ಅದಿರು ಹೇರಿದ ಲಾರಿಗಳ ತೂಕ ಬರೆದುಕೊಳ್ಳುವುದು ಅದರ ಕೆಲಸ. ಅದು ನಿಂತರೆ ಗುಡ್ಡದ ಬುಡದ ತನಕ ಲಾರಿಗಳು ಸಾಲುಗಟ್ಟುತ್ತಿದ್ದವು.

'ಇವತ್ತು ಸಂಡೂರಿಂದು ಪ್ಯಾಚ್ ಹಾಕಿ ಮುಗಿಸಿಬಿಡವ್ವ,' ಎಂದ ಮುರುಗೇಶ್, ಗೋಡೆಯ ಪಟಕ್ಕೆ ಊದಿನಕಡ್ಡಿ ಬೆಳಗುತ್ತಾ. 'ಆಡಿಟ್‌ನೋರು ಮೂರು ಸಲ ಮೇಲ್ ಹಾಕ್ಯಾರ. ಹೋದ ವರ್ಷ ಹಾಕಿದ್ದ ಕಡೀದಂತ. ಹೋದ ಸಲದ ಹಂಗ ಮೊದ್ಲ ಮಿರರ್ ತೆಗದಿಟ್ಕಂಡು ಮಾಡು, ಆತಾ?'

'ಆತ್ರಿ,' ಎಂದಳು.

ಆ ಸರ್ವರಿನೊಳಗೆ ಎರಡು ಡಿಸ್ಕುಗಳು. ಒಂದರಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಬರೆದಾಗುತ್ತದೆ; ಒಂದು ಕೆಟ್ಟರೆ ಇನ್ನೊಂದು ನಡೆಸಿಕೊಂಡು ಹೋಗಲೆಂದು. ಅದಕ್ಕೇ ಮಿರರ್ ಎನ್ನುವುದು. ಪ್ಯಾಚ್, ಅಂದರೆ ಸಾಫ್ಟ್‌ವೇರಿನ ದೋಷ ಮುಚ್ಚುವ ತಿದ್ದುಪಡಿ, ಹಾಕುವ ಮೊದಲು ಎರಡನೆಯದನ್ನು ಜೋಡಿಯಿಂದ ಕಳಚಿಡಬೇಕು. ಕಳಚುವುದೆಂದರೆ ಕೈಯಿಂದ ಕೀಳುವುದಲ್ಲ; ಹೊಸಪೇಟೆಯಲ್ಲಿ ಕೂತು ಒಂದು ಸಾಲು ಟೈಪ್ ಮಾಡಿದರೆ ಸಾಕು, ಇನ್ನು ಮೇಲೆ ಇದಕ್ಕೆ ಏನನ್ನೂ ಬರೆಯಬೇಡ ಎಂದು. ಪ್ಯಾಚಿನಿಂದ ಮೊದಲನೆಯದು ಹಾಳಾಗಿ ಯಂತ್ರ ಏಳದೇ ಹೋದರೂ ಕಳಚಿಟ್ಟ ಅರ್ಧ ಇದ್ದ ಹಾಗೇ ಇರುತ್ತದೆ, ಅದರಿಂದ ಎಬ್ಬಿಸಬಹುದು. ಎಲ್ಲ ಸರಿಹೋದರೆ ಒಂದು ದಿನ ಕಾದು ನೋಡಿ ಎರಡನ್ನೂ ಮತ್ತೆ ಜೋಡಿಸಬೇಕು. ಸಂಘಮಿತ್ರಾ ಸರ್ವರಿನ ಒಳಗೆ ಹೋಗಿ ಮಿರರಿನ ಸ್ಥಿತಿ ಕೇಳಿದಳು. ಎರಡು ಹೆಸರು ಬರಬೇಕಾದ ಕಡೆ ಒಂದೇ ಬಂತು. ಅದರ ಮುಂದೆ ಓಕೆ ಎಂದಿತ್ತು. ತಪ್ಪು ನೋಡಿದೆನೆಂದು ಮತ್ತೊಮ್ಮೆ ಕೇಳಿದಳು. ಒಂದೇ ಹೆಸರು. ಓಕೆ. ಜೋಡಿ ತಪ್ಪಿದ್ದಕ್ಕೂ ಅದು ಓಕೆ ಎಂದೇ ಹೇಳುತ್ತಿತ್ತು, ಇದ್ದದ್ದು ಒಂದು, ಆ ಒಂದು ಚೆನ್ನಾಗಿಯೇ ಇದೆಯಲ್ಲ ಎಂದು. ಪ್ರತಿ ಸೋಮವಾರ ಗಣಿಯವರಿಗೆ ಕಳಿಸುವ ವರದಿಯಲ್ಲಿ ಆ ಓಕೆಯನ್ನೇ ಅವಳು ನಕಲು ಮಾಡಿ ಹಾಕುತ್ತಿದ್ದಳು. ಅರವತ್ತು ಸೋಮವಾರ. ಕಳಚಿದ್ದನ್ನು ಮತ್ತೆ ಜೋಡಿಸಿರಲೇ ಇಲ್ಲ. ಹೋದ ವರ್ಷದ ಫೆಬ್ರವರಿ ಹನ್ನೊಂದರಂದು ಕಳಚಿದ್ದು. ಹನ್ನೆರಡರಂದು ಜೋಡಿಸಬೇಕಿತ್ತು. ಹನ್ನೆರಡರಂದು ಬೆಳಿಗ್ಗೆ ವೇಬ್ರಿಡ್ಜಿನ ಹಾಲಸ್ವಾಮಿಯ ಫೋನು ಬಂದಿತ್ತು, ರಾತ್ರಿ ಪಾಳಿಯ ರಾಮಾಂಜಿನಿ ತೀರಿಹೋದನೆಂದು.

ತಪ್ಪು ಸಿಕ್ಕಿಬಿದ್ದಾಗ ಎದೆ ಹೊಡೆದುಕೊಳ್ಳಬೇಕಿತ್ತು. ಅವಳು ಕಾದಳು, ಹೊಡೆದುಕೊಳ್ಳಲಿಲ್ಲ. ಕೆಳಗಿನ ಅಂಗಡಿಯಲ್ಲಿ ಯಾರೋ ಕಬ್ಬಿಣದ ಸರಳು ಎಣಿಸಿ ಒಂದರ ಮೇಲೊಂದು ಎಸೆಯುತ್ತಿದ್ದರು. ಕೈ ತಾನಾಗಿಯೇ ಮುಂದಿನ ಕೆಲಸಕ್ಕೆ ಹೋಯಿತು. ಕಳಚಿಟ್ಟ ಅರ್ಧ ಸುಸ್ಥಿತಿಯಲ್ಲಿದೆಯೋ ಇಲ್ಲವೋ ನೋಡಬೇಕು, ಓದುವುದಕ್ಕಷ್ಟೇ ತೆರೆದಳು. ಎಲ್ಲ ಇತ್ತು. ಫೆಬ್ರವರಿ ಹನ್ನೊಂದು, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಹೇಗಿತ್ತೋ ಹಾಗೆಯೇ. ಯಾರು ಯಾವಾಗ ಒಳಗೆ ಬಂದರು, ಯಾವಾಗ ಹೊರಗೆ ಹೋದರು ಎಂದು ಸರ್ವರ್ ತಾನೇ ಬರೆದಿಡುವ ಕಡತವೊಂದಿರುತ್ತದೆ. ನಡೆಯುತ್ತಿರುವ ಡಿಸ್ಕಿನಲ್ಲಿ ಹಳೆಯದೆಲ್ಲ ವರ್ಷಕ್ಕೊಮ್ಮೆ ಅಳಿಸಿಹೋಗುತ್ತಿತ್ತು. ರಾಮಾಂಜಿನಿಯ ಖಾತೆಯನ್ನೂ, ಗಣಿಯಿಂದ ಪತ್ರ ಬಂದ ದಿನ, ಅವಳೇ ಅಳಿಸಿದ್ದಳು. ಇದರಲ್ಲಿ ಹಾಗೇ ಇತ್ತು. ಮೊದಲ ಸಾಲೇ ಅವನದು. ಹಿಂದಿನ ರಾತ್ರಿ ಒಂಬತ್ತು ಐವತ್ತನಾಲ್ಕಕ್ಕೆ ಒಳಗೆ ಬಂದದ್ದು. ಹೊರಗೆ ಹೋದ ವೇಳೆ ಇರಬೇಕಾದ ಕಡೆ ಇಂಗ್ಲಿಷಿನಲ್ಲಿ ಮೂರು ಪದ. ಇನ್ನೂ ಒಳಗಿದ್ದಾನೆ.

ಇನ್ನೂ ಒಳಗಿದ್ದಾನೆ. ಅವನೇನೂ ಅಪರಿಚಿತನಲ್ಲ, ಆದರೆ ಅವಳು ಅವನನ್ನು ಒಮ್ಮೆಯೂ ಕಂಡವಳಲ್ಲ. ಧ್ವನಿ ಮಾತ್ರ. ಮೊದಲ ಸಲ ಫೋನಿನಲ್ಲಿ ಹೆಸರು ಕೇಳಿದ್ದ. 'ಸಂಘಮಿತ್ರಾ' ಎಂದಾಗ ಆ ಕಡೆ ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು. 'ಯಾವೂರ್ರಿ ಮೇಡಂ? ಕಂಪ್ಲಿಯಾ? ಹಂಗಾರ ನೀವು ನಮ್ಮೋರ ಆದ್ರಲ್ರಿ! ನಾವು ಮೆಟ್ರಿ. ನಮ್ಮ ಮನ್ಯಾಗೂ ಬುದ್ಧನ ಪಟ ಐತ್ರಿ.' ಫೋನು ಸ್ಪೀಕರಿನಲ್ಲಿತ್ತು, ಮುರುಗೇಶ್ ಪಕ್ಕದಲ್ಲೇ ನಿಂತಿದ್ದ, ಮುಖದ ಮೇಲೆ ಏನೂ ಕೇಳಿಸಿಕೊಳ್ಳದವರ ಸೌಜನ್ಯ. ಆಫೀಸಿನಲ್ಲಿ ಯಾರೂ ಆಡದ ಜಾತಿಯ ಮಾತಿಗೆ ಅವಳ ಕಿವಿ ಬಿಸಿಯಾಗಿತ್ತು. 'ಮೊದ್ಲು ಕೆಲಸ ನೋಡ್ರಿ,' ಎಂದಿದ್ದಳು. ಅವನು ಮತ್ತೆಂದೂ ಆ ಮಾತೆತ್ತಲಿಲ್ಲ. ಆದರೆ ಅವಳು ಏನು ಹೇಳಿದರೂ ಹೇಳಿ ಮುಗಿಸುವುದರೊಳಗೆ ಮಾಡಿರುತ್ತಿದ್ದ. ಮುರುಗೇಶ್ ಹೇಳಿದರೆ ಡ್ಯೂಟಿ ಮುಗೀತ್ರಿ ಎನ್ನುವವನು, ಅವಳು ಹೇಳಿದರೆ ಆತ್ರಿ ಮೇಡಂ ಎನ್ನುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಆ ದಿನ ಕೇಳಿದ್ದು. ದೂರದಿಂದ ಸರ್ವರನ್ನು ಎಬ್ಬಿಸುವ ಕಾರ್ಡು ಸುಟ್ಟುಹೋಗಿತ್ತು. ಪ್ಯಾಚ್ ಹಾಕಿದ ಮೇಲೆ ಏಳದಿದ್ದರೆ ಅಲ್ಲೇ ಕೀಬೋರ್ಡಿನ ಮುಂದೆ ನಿಂತು ಪರದೆಯ ಮೇಲಿದ್ದದ್ದನ್ನು ಓದಿ ಹೇಳುವವರು ಬೇಕಿತ್ತು. ಹಗಲು ಪಾಳಿಯ ಹಾಲಸ್ವಾಮಿ ಆ ದಿನ ರಜೆ, ಅವನ ಬದಲು ಒಂದು ದಿನಕ್ಕೆ ಬಂದವನಿಗೆ ಲಾರಿ ತೂಗುವುದಷ್ಟೇ ಗೊತ್ತು. ರಾತ್ರಿ ಪಾಳಿ ಬೆಳಿಗ್ಗೆ ಆರಕ್ಕೆ ಮುಗಿಯುತ್ತಿತ್ತು. 'ಒಂದು ತಾಸು ಇರ್ರಿ ರಾಮಾಂಜಿನಿ,' ಎಂದಿದ್ದಳು. ಗಣಿಯವರ ಒಪ್ಪಿಗೆಯ ಮೇಲ್ ಏಳಕ್ಕೆ ಬರಬೇಕಾದದ್ದು ಬರಲಿಲ್ಲ. ಎಂಟೂವರೆಗೆ ಅವನೇ ಫೋನು ಮಾಡಿದ. 'ಇರ್ಲೇನ್ರಿ?' 'ಇರ್ರಿ, ಈಗ ಬರ್ತೈತಿ.' ಆಗ ಅವಳು ಕೆಳಗಿನ ಹೋಟೆಲಿನ ಮಂಡಕ್ಕಿ ವಗ್ಗರಣಿ, ಮಿರ್ಚಿ ತಿನ್ನುತ್ತಿದ್ದಳು. ಬಾಯಲ್ಲಿ ತುತ್ತಿಟ್ಟುಕೊಂಡೇ ಹೇಳಿದ್ದಳು. ಒಪ್ಪಿಗೆ ಬಂದದ್ದು ಹತ್ತಕ್ಕೆ. ಹತ್ತು ಐದಕ್ಕೆ ಮಿರರ್ ಕಳಚಿದಳು. ಪ್ಯಾಚ್ ನಲವತ್ತು ನಿಮಿಷದಲ್ಲಿ ಮುಗಿಯಿತು, ಸರ್ವರ್ ಒಂದೇ ಏಟಿಗೆ ಎದ್ದಿತು, ಅವನು ಓದಿ ಹೇಳಬೇಕಾದದ್ದು ಏನೂ ಬರಲಿಲ್ಲ. 'ಹೊರಡ್ಲೇನ್ರಿ ಮೇಡಂ?' 'ಹ್ಞೂಂ, ಹೊರಡ್ರಿ.' ಥ್ಯಾಂಕ್ಸ್ ಎಂದೆನೇ? ನೆನಪಿಲ್ಲ. ತೋರಣಗಲ್ಲು, ಕುರೆಕುಪ್ಪ ದಾಟಿ, ದರೋಜಿ ದಾಟಿ, ಹನ್ನೆರಡರ ಸುಮಾರಿಗೆ, ರಸ್ತೆ ಬದಿ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿನ ಹಿಂಬದಿಗೆ ಅವನ ಬೈಕು ಹೋಗಿ ಬಡಿದಿತ್ತು. ಬ್ರೇಕು ಹಿಡಿದ ಗುರುತೂ ರಸ್ತೆಯ ಮೇಲೆ ಇರಲಿಲ್ಲವಂತೆ.

ಅದಲ್ಲ. ಆ ಸಾವನ್ನಾದರೂ ಹೇಗೋ ಹೊತ್ತುಕೊಳ್ಳಬಹುದಿತ್ತು. ಗುತ್ತಿಗೆಯ ಆಳುಗಳ ಹಾಜರಿ ಪುಸ್ತಕದಲ್ಲಿ ಎಲ್ಲರಿಗೂ ಒಟ್ಟಿಗೇ ಆರು ಗಂಟೆಗೆ ಡ್ಯೂಟಿ ಮುಗಿದಿತ್ತು. ಆರಕ್ಕೆ ಬಿಟ್ಟವನು ಹನ್ನೆರಡಕ್ಕೆ ದರೋಜಿಯ ಹತ್ತಿರ ಏನು ಮಾಡುತ್ತಿದ್ದ? ಯಾರೂ ಹೊಸಪೇಟೆಗೆ ಬಂದು ಕೇಳಲಿಲ್ಲ. ಪಾಳಿ ಮುಗಿದವರನ್ನು ನಿಲ್ಲಿಸಿಕೊಳ್ಳಬಾರದೆಂಬ ನಿಯಮವಿತ್ತು, ಮುರುಗೇಶ್ ಅವಳ ಕಡೆ ನೋಡಿ, 'ಕೇಳಿದ್ರ ಹೇಳೋಣ ಬಿಡು,' ಎಂದಿದ್ದ. ಎರಡು ತಿಂಗಳ ಮೇಲೆ ಬೇರೇನೋ ಕೆಲಸಕ್ಕೆ ಫೋನು ಮಾಡಿದಾಗ ಹಾಲಸ್ವಾಮಿ ತಾನಾಗಿಯೇ ಹೇಳಿದ್ದ: 'ನಮ್ಮ ರಾಮಾಂಜಿನಿಗೆ ಕುರೆಕುಪ್ಪದಾಗ ಯಾವಾಕಿನೋ ಇದ್ಳಂತ್ರಿ. ಆರಕ್ಕ ಬಿಟ್ಟಾವ ಅಲ್ಲೇ ಹೋಗಿ ಕುಡುದು ಬಿದ್ದಿದ್ನಂತ. ನೋಡಾಕ ಭಾಳ ಸಂಭಾವಿತ ಇದ್ದ.' ಆ ದಿನ ಬೆಳಿಗ್ಗೆ ಹಾಲಸ್ವಾಮಿ ತಾನೇ ರಜೆ ಹಾಕಿ ಮಗಳ ಮನೆಗೆ ಹೋಗಿದ್ದ, ಅವನಿಗೇನು ಗೊತ್ತು. ಸಂಘಮಿತ್ರಾ ಅದಕ್ಕೆ 'ಹೌದಾ?' ಎಂದಿದ್ದಳು. ಆಶ್ಚರ್ಯದ ಸ್ವರದಲ್ಲಿ. ಆ ಸ್ವರವನ್ನು ಅವಳು ಎಲ್ಲಿಂದ ತೆಗೆದಳೋ, ಯಾರಿಂದ ಕಲಿತಿದ್ದಳೋ. ಹೌದಾ? ಸ್ನಾನ ಮಾಡುವಾಗ, ರಸ್ತೆ ದಾಟುವಾಗ, ಈ ಒಂದು ವರ್ಷದಲ್ಲಿ ಕಿವಿಗೆ ಬೀಳುತ್ತಿದ್ದದ್ದು ಆ ಬ್ರೇಕು ಹಿಡಿಯದ ಬೈಕಿನ ಸದ್ದಲ್ಲ, ಈ ಒಂದು ಪದ.

ಮುರುಗೇಶ್ ಅವಳ ಹಿಂದೆ ಬಂದು ನಿಂತಿದ್ದ. 'ಎಲ್ಲಿಗೆ ಬಂತು?'

'ಮಿರರ್ ಇಲ್ರಿ. ಹೋದ ಸಲ ತೆಗದಿಟ್ಟದ್ದು ಮತ್ತೆ ಜೋಡಿಸೇ ಇಲ್ಲ. ನಾನು ಮರ್ತಿದ್ದೆ.'

ಅವನು ಪರದೆಗೆ ಬಾಗಿದ. ಊದಿನಕಡ್ಡಿಯ ವಾಸನೆ ಹತ್ತಿರ ಬಂತು. 'ಹದಿನಾಲ್ಕು ತಿಂಗಳು ಒಂದ ಡಿಸ್ಕಿನ ಮ್ಯಾಲ ಓಡೈತಾ? ಅಯ್ಯೋ ನಿನ್ನ. ಅದು ಕೆಟ್ಟಿದ್ರ?' ಎಂದವನು ತನ್ನನ್ನು ತಾನೇ ತಡೆದುಕೊಂಡ. ಬಯ್ಯುವುದು ಅವನ ಸ್ವಭಾವದಲ್ಲಿರಲಿಲ್ಲ. 'ಇರ್ಲಿ. ಯಾರ್ಗೂ ಹೇಳಾಕ ಹೋಗಬ್ಯಾಡ. ಈಗ ಜೋಡಿಸಿ, ಎರಡೂ ಒಂದಾದ ಮ್ಯಾಲ ಮತ್ತ ಕಳಚಿ ಪ್ಯಾಚ್ ಹಾಕು. ಎಷ್ಟು ಹೊತ್ತು?'

'ಒಂದಾಗಾಕ ಐದು ತಾಸು ಬೇಕು. ಎರಡು ಗಂಟಿ ದಾಟ್ತೈತಿ.'

'ಎರಡಕ್ಕ ಹಾಲಸ್ವಾಮಿ ಡ್ಯೂಟಿ ಮುಗಿತೈತಿ. ಒಂದು ತಾಸು ಇರು ಅನ್ನು ಅವಂಗ.'

'ನಾ ಅನ್ನಂಗಿಲ್ರಿ.'

ಮಾತು ಮೆಲ್ಲಗೇ ಬಂದಿತ್ತು. ಆದರೂ ಮುರುಗೇಶ್ ನೆಟ್ಟಗೆ ನಿಂತ. ಆರು ವರ್ಷದಲ್ಲಿ ಅವಳು ಅವನಿಗೆ ಇಲ್ಲವೆಂದದ್ದಿರಲಿಲ್ಲ. ಅವಳು ಪರದೆಯ ಮೇಲಿನ ಮೊದಲ ಸಾಲಿಗೆ ಬೆರಳಿಟ್ಟು ತೋರಿಸಿದಳು. ಅವನು ಓದಿದ. ಹೆಸರು ಓದಿದ, ತಾರೀಕು ಓದಿದ, ಕೊನೆಯ ಮೂರು ಪದ ಓದಿದ. ಕುರ್ಚಿ ಎಳೆದುಕೊಂಡು ಕೂತ.

'ನಾ ಆವತ್ತು ಸುಮ್ನಿದ್ದದ್ದು ನಿನ್ನ ಸಲುವಾಗಿ,' ಎಂದ. 'ನಿನ್ನ ಹೆಸರು ಬರಬಾರ್ದು ಅಂತ.'

'ಗೊತ್ತೈತ್ರಿ.'

'ಸತ್ತಾವ ಎದ್ದು ಬರ್ತಾನ? ಈಗ ಇದನ್ನ ತಗಂಡು ಏನ್ ಮಾಡ್ತಿ?'

ಏನು ಮಾಡುತ್ತೇನೆ ಎಂದು ಅವಳಿಗೂ ಗೊತ್ತಿರಲಿಲ್ಲ. ಆ ಕಡತದ ಒಂದು ನಕಲು ತೆಗೆದು ತನ್ನ ಬಳಿ ಇಟ್ಟುಕೊಂಡಳು. ಆ ಸಾಲಿದ್ದ ಹಾಳೆಯೊಂದನ್ನು ಪ್ರಿಂಟು ತೆಗೆದಳು. ಗಣಿಯವರಿಗೆ ಎರಡು ಸಾಲಿನ ಮೇಲ್ ಬರೆದಳು: ಮಿರರ್ ಹದಿನಾಲ್ಕು ತಿಂಗಳಿಂದ ಇಲ್ಲ, ತಪ್ಪು ನನ್ನದು, ಪ್ಯಾಚ್ ನಾಳೆ, ಪಾಳಿಯ ವೇಳೆಯಲ್ಲೇ. ಮುರುಗೇಶ್ 'ಲೇ ಲೇ, ತಡಿ' ಎನ್ನುವುದರೊಳಗೆ ಅದು ಹೋಗಿತ್ತು. ಆಮೇಲೆ ಜೋಡಿಸುವ ಸಾಲನ್ನು ಟೈಪ್ ಮಾಡಿದಳು. ಇದನ್ನು ಒತ್ತಿದರೆ ಇವತ್ತಿನ ಡಿಸ್ಕಿನಲ್ಲಿರುವುದೆಲ್ಲ ಆ ಡಿಸ್ಕಿನ ಮೇಲೆ ಬರೆದುಕೊಳ್ಳುತ್ತಾ ಹೋಗುತ್ತದೆ, ಮೊದಲಿಂದ ಕೊನೆಯ ತನಕ. ಆ ಹತ್ತು ಗಂಟೆ ಐದು ನಿಮಿಷ ಉಳಿಯುವುದಿಲ್ಲ. ಬೆರಳು ಎಂಟರ್ ಕೀಲಿಯ ಮೇಲೆ ನಿಂತಿತು, ಎಷ್ಟು ಹೊತ್ತೆಂದು ಅವಳಿಗೆ ತಿಳಿಯಲಿಲ್ಲ. ಹೊರಡ್ಲೇನ್ರಿ ಮೇಡಂ? ಒತ್ತಿದಳು. ಶೇಕಡಾ ಒಂದು, ಎಂದಿತು ಪರದೆ.

'ಐದು ತಾಸು ಇದನ್ನ ನೋಡ್ತಾ ಕೂಡೋದು ಬೇಕಾಗಿಲ್ಲ,' ಎಂದು ಎದ್ದಳು. 'ನಾ ಮೆಟ್ರಿಗೆ ಹೋಗಿ ಬರ್ತೀನ್ರಿ.'

ಕಂಪ್ಲಿಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಾಲುವೆಯ ನೀರು, ಬಾಳೆ, ಕೊಯ್ಲಿಗೆ ಬಂದ ಬೇಸಿಗೆ ಭತ್ತ, ಎಲ್ಲ ಒಂದರ ಹಿಂದೊಂದು ಬಂದು ಹೋದವು. ಕೈಚೀಲದಲ್ಲಿದ್ದ ಹಾಳೆಯನ್ನು ಎರಡು ಸಲ ಮುಟ್ಟಿ ನೋಡಿಕೊಂಡಳು. ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಕೂಡಿಸತೊಡಗಿದರೆ ಅದು ಸೋಮವಾರದ ವರದಿಯಂತೆಯೇ ಆಗುತ್ತಿತ್ತು. ಕಂಪ್ಲಿಯಲ್ಲಿ ಇಳಿದವಳು ಅವ್ವನ ಮನೆಯ ಓಣಿಯನ್ನು ದಾಟಿ ಹೋದಳು, ಒಳಗೆ ಹೋಗಲಿಲ್ಲ. ಹೋದರೆ ಅವ್ವ ಊಟಕ್ಕೆ ಕೂಡಿಸುತ್ತಾಳೆ, ಉಂಡರೆ ಮುಂದೆ ಹೋಗಲಾರೆನೆಂದು ಅನ್ನಿಸಿತು. ಮೆಟ್ರಿಯಲ್ಲಿ ಆಟೋ ಇಳಿದು, ಗಣಿಯಲ್ಲಿದ್ದ ರಾಮಾಂಜಿನಿಯ ಮನೆ ಎಂದು ಕೇಳಿದಾಗ, ಕಟ್ಟೆಯ ಮೇಲಿದ್ದವನೊಬ್ಬ ಬಾಯಿಯಿಂದ ಹೇಳದೆ ಗದ್ದ ಎತ್ತಿ ತೋರಿಸಿದ.

ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸು ಮೊರ ಕೆಳಗಿಟ್ಟಳು. ಅವಳಿಗೂ ತನ್ನಷ್ಟೇ ವಯಸ್ಸು, ಮೂವತ್ತೈದರ ಹತ್ತಿರ. ಹಿಂದೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಹಾರ ಹಾಕಿದ ರಾಮಾಂಜಿನಿಯ ಫೋಟೋ. ಮೀಸೆ ತೆಳ್ಳಗಿತ್ತು. ಈ ಮುಖ ಆ ಧ್ವನಿಗೆ ಹೊಂದುವುದಿಲ್ಲವೆಂದು ಸಂಘಮಿತ್ರಾಳಿಗೆ ಅನ್ನಿಸಿತು.

'ಯಾರು ಬೇಕಾಗಿತ್ರಿ?'

'ರಾಮಾಂಜಿನಿಯವರ ಹೆಂಡ್ತಿ ತಾಯಕ್ಕ ಅಂದ್ರ...'

'ನಾನ. ನೀವು?'

'ಹೊಸಪ್ಯಾಟಿಯಿಂದ ಬಂದೀನ್ರಿ. ರಾಮಾಂಜಿನಿಯವರು ಇದ್ದ ಗಣಿಯ ಕಂಪ್ಯೂಟರ್ ನಾನು ನೋಡ್ತೀನಿ. ಫೋನಿನಾಗ ಮಾತಾಡ್ತಿದ್ವಿ. ಆವತ್ತು ಅವರನ್ನ...' ಹಾಳೆ ತೆಗೆದು ಚಾಚಿದಳು. 'ಇದರಾಗ ಐತ್ರಿ. ಆವತ್ತು ಹತ್ತರ ತನಕ ಅವರು ಡ್ಯೂಟಿ ಮ್ಯಾಲ ಇದ್ರು. ಆಮ್ಯಾಲೂ ಮುಕ್ಕಾಲು ತಾಸು. ನಾನ ಇರ್ರಿ ಅಂದಿದ್ದೆ.'

ತಾಯಕ್ಕ ಹಾಳೆಯನ್ನು ತೆಗೆದುಕೊಳ್ಳಲಿಲ್ಲ. ಅವಳ ಮುಖವನ್ನೇ ನೋಡಿದಳು, ಮುಖದಿಂದ ಚಪ್ಪಲಿಯ ತನಕ, ಮತ್ತೆ ಮೇಲಕ್ಕೆ.

'ನೀನಾ ಮೇಡಂ?'

'ಹೌದ್ರಿ.'

'ಒಂಬತ್ತಕ್ಕ ನಾ ಫೋನ್ ಮಾಡಿದ್ದೆ,' ಎಂದಳು ತಾಯಕ್ಕ. ಧ್ವನಿ ಏರಲಿಲ್ಲ. 'ರೊಟ್ಟಿ ಆರಿಹೋಗ್ತಾವ, ಯಾವಾಗ ಬರ್ತಿ ಅಂದೆ. ಮೇಡಂ ಇರು ಅಂದಾರ, ಬಿಟ್ ಕೂಡ್ಲೇ ಬರ್ತೀನಿ ಅಂದ. ಮಣ್ಣು ಮಾಡಿದ ದಿನ ಎಲ್ಲಾರಿಗೂ ಅದನ್ನ ಹೇಳಿದೆ. ಊರಾಗಿನೋರು ಗಣಿಗೆ ಹೋಗಿ ಕೇಳಿ ಬಂದ್ರು, ಅಲ್ಲಿ ಒಂದು ಹೆಣ್ಣಾಳೂ ಇಲ್ಲ, ಯಾವ ಮೇಡಂ ಅಂದ್ರಂತ. ಅಲ್ಲಿಂದ ಹುಟ್ಟಿದ್ದು ಕುರೆಕುಪ್ಪದಾಕಿ. ನಾ ಹೇಳಿದ ಮಾತಿನಿಂದನ ಹುಟ್ಟಿದ್ಲು. ವರ್ಷಾತು, ನಾನೂ ನಂಬಿಬಿಟ್ಟೆ ನೋಡು.'

ಸಂಘಮಿತ್ರಾ ಏನಾದರೂ ಹೇಳಬೇಕಿತ್ತು. ಹೌದಾ, ಎಂದು ಬಾಯಿ ತೆರೆಯಿತು, ಮುಚ್ಚಿಕೊಂಡಳು. ತಪ್ಪಾಯಿತು ಎಂಬ ಮಾತು ಆ ಅಂಗಳಕ್ಕೆ ಬಹಳ ಸಣ್ಣದಾಗಿ ಕಂಡಿತು. ಬಿಸಿಲು ನೆತ್ತಿಗೆ ಬಂದಿತ್ತು. ತಾಯಕ್ಕ ಬಯ್ದರೆ ಒಳ್ಳೆಯದಿತ್ತು, ಹೊಡೆದರೆ ಇನ್ನೂ ಒಳ್ಳೆಯದಿತ್ತು. ತಾಯಕ್ಕ ಎದ್ದು ಸೆರಗು ಕೊಡವಿ, 'ಒಳಗ ಬಾ,' ಎಂದಳು. 'ನಮ್ಮತ್ತಿ ಅದಾಳ. ಮಗ ಕುಡುದು ಸತ್ತ ಅಂತ ವರ್ಷದಿಂದ ಹೊಸ್ತಿಲ ದಾಟಿಲ್ಲ. ಆಕಿಗೆ ಹೇಳು.'

ಒಳಗೆ ಕತ್ತಲು. ಹೊರಸಿನ ಮೇಲೆ ಅತ್ತೆ ಸುಂಕಲಮ್ಮ ಗೋಡೆಗೆ ಒರಗಿ ಕೂತಿದ್ದಳು, ಮೊಣಕಾಲು ಎರಡೂ ಎದೆಗೆ ಹತ್ತಿಸಿ. ಸಂಘಮಿತ್ರಾ ನೆಲದ ಮೇಲೆ ಕೂತು ಹೇಳಿದಳು: ಅಜ್ಜಿ, ಆವತ್ತು ನಿಮ್ಮ ಮಗನ್ನ ನಾನು ನಿಲ್ಲಿಸ್ಕಂಡಿದ್ದೆ. ಮುದುಕಿ ಸೊಸೆಯ ಕಡೆ ನೋಡಿದಳು.

'ಕಿವಿ ಕೇಳಂಗಿಲ್ಲ,' ಎಂದಳು ತಾಯಕ್ಕ. 'ಜೋರಾಗಿ ಹೇಳು.'

ಜೋರಾಗಿ ಹೇಳಿದಳು. ಅದು ಜೋರಾಗಿರಲಿಲ್ಲ. ಸಂಘಮಿತ್ರಾ ಜೋರಾಗಿ ಮಾತಾಡಿ ಎಷ್ಟೋ ಕಾಲವಾಗಿತ್ತು. ಶಾಲೆಯಲ್ಲಿ ಹಾಜರಿ ಕರೆದಾಗ ಹೆಸರು ಕೇಳಿ ಹುಡುಗರು ನಕ್ಕಂದಿನಿಂದ ಅವಳ ಧ್ವನಿ ಗಂಟಲಿನಿಂದ ಮುಂದಕ್ಕೆ ಬಂದದ್ದು ಕಡಿಮೆ.

'ಏನಂತಾಳ?' ಎಂದಳು ಸುಂಕಲಮ್ಮ.

'ನಾನ ನಿಲ್ಲಿಸ್ಕಂಡಿದ್ದೆ ಅಜ್ಜಿ! ನಿಮ್ಮ ಮಗನ್ನ! ಬೆಳಿಗ್ಗೆ ಆರಕ್ಕ ಬಿಡಬೇಕಾಗಿತ್ತು, ಹನ್ನೊಂದರ ತನಕ ಇಟ್ಕಂಡೆ!'

ಮುದುಕಿಯ ಕಣ್ಣು ಅವಳ ಬಾಯಿಯ ಮೇಲೆ ನಿಂತಿತು. 'ಕುಡುದಿದ್ನಾ?'

'ಇಲ್ಲ! ಕುಡುದಿದ್ದಿಲ್ಲ! ಕೆಲಸದ ಮ್ಯಾಲ ಇದ್ರು!'

'ಯಾತಕ್ಕ ಇಟ್ಕಂಡಿದ್ದಿ?'

'ಮಷೀನ್ ಕೆಟ್ರ ಒಬ್ರು ಇರ್ಲಿ ಅಂತ!'

'ಕೆಟ್ಟಿತಾ?'

'ಇಲ್ಲ,' ಎಂದಳು. ಅದು ಕೇಳಿಸಲಿಲ್ಲವೆಂದು ಮುದುಕಿ ಕಿವಿಯ ಹಿಂದೆ ಅಂಗೈ ಇಟ್ಟು ಮುಂದಕ್ಕೆ ಬಾಗಿದಳು. ಸಂಘಮಿತ್ರಾ ಉಸಿರೆಳೆದುಕೊಂಡಳು. 'ಕೆಡಲಿಲ್ಲ ಅಜ್ಜಿ! ಏನೂ ಆಗಲಿಲ್ಲ! ಅವರು ಇರೋದು ಬೇಕಾಗಿದ್ದಿಲ್ಲ! ಸುಮ್ನ ಇಟ್ಕಂಡೆ!' ಕೊನೆಯ ಪದ ಬರುವಾಗ ಧ್ವನಿ ಸೀಳಿಹೋಗಿ, ಬೇರೆಯವರದೆನ್ನುವಂಥ ಒರಟು ಸದ್ದಾಗಿ ಗೋಡೆಗೆ ಬಡಿಯಿತು. ಗಂಟಲಲ್ಲಿ ನೋವಾಯಿತು. ನಿಜವಾದ ನೋವು, ಉರಿ, ಅಲ್ಲೇ, ಬೆರಳಿಟ್ಟು ತೋರಿಸಬಹುದಾದಂಥದ್ದು.

ಸುಂಕಲಮ್ಮ ಕಿವಿಯಿಂದ ಕೈ ತೆಗೆದಳು. ಆಮೇಲೆ ಒಂದೊಂದೇ ಕಾಲನ್ನು ಹೊರಸಿನಿಂದ ಕೆಳಗಿಳಿಸಿ, ಸೊಸೆಯ ತೋಳು ಹಿಡಿದು ಎದ್ದು ನಿಂತಳು. ಬಾಗಿಲ ತನಕ ನಡೆದು ಹೊಸ್ತಿಲ ಮೇಲೆ ಕೈ ಊರಿ ಕೂತಳು. ಕೂಗು ಕೇಳಿ ನಲ್ಲಿಯ ಹತ್ತಿರದ ಹೆಂಗಸರು ಕೊಡ ಅಲ್ಲೇ ಬಿಟ್ಟು ಅಂಗಳಕ್ಕೆ ಬಂದಿದ್ದರು. ಕಟ್ಟೆಯ ಮೇಲಿನವನೂ ಎದ್ದು ಬಂದಿದ್ದ. ಯಾರು, ಏನು ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು.

'ಹೊರಗ ಬಾ,' ಎಂದಳು ತಾಯಕ್ಕ. 'ಇವರ್ಗೂ ಹೇಳು. ಮೊದ್ಲಿಂದ ಹೇಳು.'

ಸಂಘಮಿತ್ರಾ ಹಾಳೆಯನ್ನು ಮಡಚಿ ಚೀಲದೊಳಗಿಟ್ಟಳು. ಮುದುಕಿಯ ಪಕ್ಕ, ಬಿಸಿಲಿಗೆ ಬಂದು ನಿಂತು, ಬೆಳಗಿನ ಆರು ಗಂಟೆಯಿಂದ ಹೇಳತೊಡಗಿದಳು.